ಲ್ಯಾಮಿಂಗ್ಟನ್ ರೋಡಿನಲ್ಲಿ ಎಪ್ಪತ್ತೈದು ಸಾವಿರದ ಕಂಪ್ಯೂಟರ್

ಬೋರ್ಡಿನಲ್ಲೊಂದು ಹೆಸರು, ಜನರ ಬಾಯಲ್ಲೊಂದು ಹೆಸರು ಇರುವ ರಸ್ತೆಗಳು ಮುಂಬೈಯಲ್ಲಿ ಬೇಕಾದಷ್ಟಿವೆ. ಲ್ಯಾಮಿಂಗ್ಟನ್ ರೋಡ್ ಅಂಥದ್ದೊಂದು. ಸರ್ಕಾರಿ ಲೆಕ್ಕದಲ್ಲಿ ಅದು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಆದರೆ ಟ್ಯಾಕ್ಸಿಯವನಿಗೂ ಹಮಾಲನಿಗೂ ಇಂದಿಗೂ ಅದು ಲ್ಯಾಮಿಂಗ್ಟನ್ ರೋಡೇ. 1903ರಿಂದ 1907ರವರೆಗೆ ಬಾಂಬೆಯ ಗವರ್ನರ್ ಆಗಿದ್ದವರು ಲಾರ್ಡ್ ಲ್ಯಾಮಿಂಗ್ಟನ್. ಅವರು ಹೋಗಿ ನೂರು ವರ್ಷದ ಮೇಲಾದರೂ ಹೆಸರು ಮಾತ್ರ ರಸ್ತೆಗೆ ಅಂಟಿಕೊಂಡೇ ಇದೆ.

ಪಶ್ಚಿಮ ರೈಲ್ವೆಯ ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಪೂರ್ವದ ಕಡೆ ಹೊರಬಿದ್ದರೆ ನಾಲ್ಕೈದು ನಿಮಿಷದ ನಡಿಗೆ. ಸೆಂಟ್ರಲ್ ಲೈನಿನವರು ದಾದರ್‌ನಲ್ಲಿ ಸೇತುವೆ ಹತ್ತಿಳಿದು ಸ್ಲೋ ಗಾಡಿ ಹಿಡಿಯಬೇಕು. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೊ ಮೂರನೇ ಲೈನಿಗೂ ಗ್ರಾಂಟ್ ರೋಡಿನಲ್ಲಿ ಸ್ಟೇಶನ್ ಬಂದಿರುವುದರಿಂದ ಅಂಧೇರಿ, ಬಿಕೆಸಿ ಕಡೆಯವರಿಗೆ ಈಗ ಇನ್ನೂ ಸುಲಭ.

ಈ ರಸ್ತೆಯನ್ನು ಹಳಬರು ನೆನೆಯುವುದು ಸಿನಿಮಾಕ್ಕಾಗಿ. ಒಂದು ತುದಿಗೆ ಒಪೇರಾ ಹೌಸ್. ಮುಂದೆ ಸಾಗಿದರೆ ಹಂಚಿಕೆದಾರರ ಕಚೇರಿಗಳಿಂದ ತುಂಬಿರುತ್ತಿದ್ದ ನಾಜ್ ಕಟ್ಟಡ. ಇನ್ನೂ ಮುಂದೆ ಮಿನರ್ವಾ ಚಿತ್ರಮಂದಿರ ಇದ್ದ ಜಾಗ. 1975ರಲ್ಲಿ ಬಿಡುಗಡೆಯಾದ 'ಶೋಲೆ' ಐದು ವರ್ಷ ಓಡಿದ್ದು ಇದೇ ಮಿನರ್ವಾದಲ್ಲಿ. ನಮ್ಮ ರಾಮನಗರದ ಬಂಡೆಗಳನ್ನು ಮುಂಬೈ ಜನ ಐದು ವರ್ಷ ಟಿಕೆಟ್ ತೆಗೆದುಕೊಂಡು ನೋಡಿದ ರಸ್ತೆ ಇದು. ರೇಡಿಯೊ, ಆಂಪ್ಲಿಫೈಯರ್ ಬಿಡಿಭಾಗಗಳ ಅಂಗಡಿಗಳು ಆಗಲೂ ಇದ್ದವು. ಆಮೇಲೆ ಟಿವಿ, ವಿಸಿಆರ್ ಬಂದವು, ಅದರ ಹಿಂದೆಯೇ ಕಂಪ್ಯೂಟರ್ ಬಂತು. ಇಂದು ಫುಟ್‌ಪಾತಿನಲ್ಲಿ ರಿಮೋಟ್, ಅಡಾಪ್ಟರ್, ಎಲ್‌ಇಡಿ ಪಟ್ಟಿಗಳ ರಾಶಿ. ಒಳಗೆ ಹತ್ತಡಿ ಅಗಲದ ಗಾಳಾಗಳಲ್ಲಿ ಸೂರಿನವರೆಗೆ ಪೇರಿಸಿಟ್ಟ ಮದರ್‌ಬೋರ್ಡ್ ಡಬ್ಬಿಗಳು. ನಡುವೆ ತಲೆಯ ಮೇಲೆ ಮಾನಿಟರ್ ಹೊತ್ತು "ಸೈಡ್, ಸೈಡ್" ಎನ್ನುತ್ತ ನುಗ್ಗುವ ಹಮಾಲರು.

ಬೇರೆ ಊರಿನ ಓದುಗರಿಗೆ ಹೇಳಬೇಕೆಂದರೆ, ದೆಹಲಿಗೆ ನೆಹರೂ ಪ್ಲೇಸ್, ಚೆನ್ನೈಗೆ ರಿಚಿ ಸ್ಟ್ರೀಟ್, ಸಿಕಂದರಾಬಾದಿಗೆ ಸಿಟಿಸಿ ಎಂದೇ ಹೆಸರಾದ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಮುಂಬೈಗೆ ಇದು ಹಾಗೆ. ಇಲ್ಲಿ ಕಂಪ್ಯೂಟರ್ ಸಿಗುವುದಿಲ್ಲ, ಕಂಪ್ಯೂಟರಿನ ಭಾಗಗಳು ಸಿಗುತ್ತವೆ. ಯಾವುದನ್ನು ಯಾವುದರ ಜೊತೆ ಕೂಡಿಸಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಬಿಚ್ಚಬೇಕು ಎನ್ನುವುದು ಕೊಳ್ಳುವವರ ತಲೆನೋವು.

ಭಿಶಿಯ ದುಡ್ಡು

ನಾವು ಹೋಗಿದ್ದು 2024ರ ನವೆಂಬರಿನಲ್ಲಿ, ದೀಪಾವಳಿ ಮುಗಿದ ಮೇಲಿನ ಒಂದು ಶನಿವಾರ. ನಾವು ಎಂದರೆ ಮೂವರು: ನಾನು, ಮುಲುಂಡ್‌ನಲ್ಲಿ ನಮ್ಮ ಮನೆ ಹತ್ತಿರದ ಉಡುಪಿ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುವ ಅಣ್ಣ, ಮತ್ತು ಅವರ ಮಗಳು. ಅಣ್ಣನಿಗೆ ಊರು ಕುಂದಾಪುರದ ಹತ್ತಿರ. ಹದಿನೈದನೇ ವಯಸ್ಸಿಗೆ ಮುಂಬೈಗೆ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಮಗಳು ಆನಿಮೇಶನ್ ಡಿಗ್ರಿಯ ಎರಡನೇ ವರ್ಷದಲ್ಲಿದ್ದಳು. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಬ್ಲೆಂಡರ್ ತೆರೆದರೆ ಫ್ಯಾನು ವಿಮಾನದ ಹಾಗೆ ಸದ್ದು ಮಾಡುತ್ತಿತ್ತು.

ನಾನು ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಆದರೆ ಬಿಲ್ಡಿಂಗಿನವರ ಲೆಕ್ಕದಲ್ಲಿ ಸಾಫ್ಟ್‌ವೇರಿನವನು ಎಂದರೆ ಪ್ರಿಂಟರು, ವೈಫೈ, ಟಿವಿ ಎಲ್ಲಕ್ಕೂ ಸಲ್ಲುವವನು. ಹಾಗಾಗಿ ಅಣ್ಣ ಕೇಳಿಕೊಂಡರು. ಎರಡು ವರ್ಷ ಭಿಶಿ ಕಟ್ಟಿ ಎತ್ತಿದ ಎಪ್ಪತ್ತೈದು ಸಾವಿರ ಅವರ ಹತ್ತಿರ ಇತ್ತು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಅವರ ಅನುಮಾನವೂ ನೇರವಾಗಿತ್ತು.

"ಅಲ್ಲ ಮಾರಾಯ್ರೆ, ಅಂಗಡಿಯವ್ರೆಲ್ಲ ಇದನ್ನ ಗೇಮಿಂಗ್ ಕಂಪ್ಯೂಟರ್ ಅಂತಾರಲ್ಲ. ಆಟ ಆಡುಕೆ ಎಪ್ಪತ್ತೈದು ಸಾವಿರವಾ?"

ಈ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಬರುತ್ತದೆ. ಉತ್ತರ ಇಷ್ಟೇ: ಆಟಕ್ಕೂ ಆನಿಮೇಶನ್ನಿಗೂ ಬೇಕಾದ ಯಂತ್ರ ಹೆಚ್ಚುಕಡಿಮೆ ಒಂದೇ, ಏಕೆಂದರೆ ಎರಡರಲ್ಲೂ ನಡೆಯುವುದು ಚಿತ್ರ ಕಟ್ಟುವ ಕೆಲಸ. ಆಟದಲ್ಲಿ ಒಂದು ಸೆಕೆಂಡಿಗೆ ಅರವತ್ತು ನೂರು ಚಿತ್ರ ಕಟ್ಟಬೇಕು. ಆನಿಮೇಶನ್ನಿನಲ್ಲಿ ಒಂದೇ ಚಿತ್ರವನ್ನು ನಿಧಾನವಾಗಿ, ಬೆಳಕು ನೆರಳು ಲೆಕ್ಕ ಹಾಕಿ ಕಟ್ಟಬೇಕು. ಅದನ್ನೇ ರೆಂಡರ್ ಮಾಡುವುದು ಎನ್ನುತ್ತಾರೆ. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರಕ್ಕೆ ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು. ಅರ್ಧ ನಿಮಿಷದ ತುಣುಕಿಗೆ, ಸೆಕೆಂಡಿಗೆ 24ರಂತೆ, 720 ಚಿತ್ರ ಬೇಕು. ಗುಣಿಸಿ ನೋಡಿ: ಸರಿಯಾಗಿ ಏಳು ದಿನ, ಹಗಲೂ ರಾತ್ರಿ. ಕಾಲೇಜಿನವರು ಪ್ರಾಜೆಕ್ಟಿಗೆ ಅಷ್ಟು ಕಾಯುವುದಿಲ್ಲ. ಈ ಲೆಕ್ಕ ಕೇಳಿದ ಮೇಲೆ ಅಣ್ಣ ಆಟದ ಮಾತು ಬಿಟ್ಟರು.

ಮೊದಲ ಅಂಗಡಿ, ಮೊದಲ ಪ್ರಶ್ನೆ

ಹನ್ನೊಂದು ಗಂಟೆಗೆ ಅಂಗಡಿಗಳ ಶಟರ್ ಎದ್ದಿದ್ದವು. ಯಾವ ಅಂಗಡಿಗೆ ಹೋದರೂ ಶೇಠ್ ಕೇಳುವ ಮೊದಲ ಮಾತು, "ಕಿಸ್ ಕಾಮ್ ಕೇ ಲಿಯೇ?" ಯಾವ ಕೆಲಸಕ್ಕೆ? ಕೇಳಲು ಸಾಧಾರಣವಾದ ಈ ಮಾತಿನಲ್ಲೇ ವ್ಯಾಪಾರದ ಅರ್ಧ ತೀರ್ಮಾನ ಆಗಿಬಿಡುತ್ತದೆ. "ಎಲ್ಲದಕ್ಕೂ" ಎಂದಿರೋ, ಅವರ ಬಳಿ ಉಳಿದ ಸರಕೆಲ್ಲ ನಿಮ್ಮ ಪೆಟ್ಟಿಗೆಗೆ ಬಂದು ಬೀಳುತ್ತದೆ.

ಮೊದಲ ಅಂಗಡಿಯಲ್ಲಿ ಆ ಪ್ರಶ್ನೆ ಬಂದದ್ದು ಅಣ್ಣನಿಗೆ. ಅವರು ನನ್ನನ್ನು ನೋಡಿದರು. ನಾನು ಮಗಳನ್ನು ನೋಡಿದೆ. ಅವಳು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದಳು: "ಬ್ಲೆಂಡರ್, ಸೈಕಲ್ಸ್ ರೆಂಡರ್, ಟೆಕ್ಸ್ಚರ್ ಕೆಲಸ. ರಾತ್ರಿ ಸ್ವಲ್ಪ ವ್ಯಾಲೊರಂಟ್." ಆದರೂ ಶೇಠ್ ಉತ್ತರ ಕೊಟ್ಟದ್ದು ನನಗೆ. ಮುಂದಿನ ಮೂರು ಅಂಗಡಿಗಳಲ್ಲೂ ಹೀಗೇ ಆಯಿತು. ಕೇಳುವವಳು ಅವಳು, ಉತ್ತರ ನಮ್ಮಿಬ್ಬರಿಗೆ. ಕೊನೆಗೆ ನಾವಿಬ್ಬರೂ ಅಂಗಡಿಯ ಹೊರಗೆ ನಿಲ್ಲುವುದೇ ವಾಸಿ ಎಂದು ತೀರ್ಮಾನಿಸಿದೆವು. ಐದನೇ ಅಂಗಡಿಯಲ್ಲಿ ಮಾತುಕತೆ ಬೇಗ ಮುಗಿಯಿತು, ಬೆಲೆಯೂ ಇಳಿಯಿತು.

ಹೊರಗೆ ನಿಂತಿದ್ದಾಗ ಅಣ್ಣನ ಕಣ್ಣು ಒಂದು ಬೋರ್ಡಿನ ಮೇಲೆ ಬಿತ್ತು: ಐ7 ಕಂಪ್ಯೂಟರ್, 16 ಜಿಬಿ ರ‍್ಯಾಮ್, ಹದಿನೆಂಟು ಸಾವಿರ ಮಾತ್ರ. ಇಂಥ ಬೋರ್ಡುಗಳು ಆ ರಸ್ತೆಯ ತುಂಬ ಇವೆ. ಸುಳ್ಳಲ್ಲ, ಒಳಗೆ ಇರುವುದು ನಿಜವಾಗಿಯೂ ಐ7. ಆದರೆ ಎರಡನೇ ಪೀಳಿಗೆಯದ್ದು, ಎಂದರೆ 2011ರ ಮಾಲು, ಅಥವಾ ನಾಲ್ಕನೇ ಪೀಳಿಗೆಯ 2013ರ ಮಾಲು. ಯಾವುದೋ ಕಚೇರಿಯಿಂದ ಸಗಟಾಗಿ ಬಂದದ್ದು. ಲೆಕ್ಕ ಬರೆಯಲು, ಟಿಕೆಟ್ ಬುಕ್ ಮಾಡಲು ಸಾಕು. ವಿಂಡೋಸ್ 11 ಅಧಿಕೃತವಾಗಿ ಅದರ ಮೇಲೆ ಕೂರುವುದಿಲ್ಲ. 'ಐ7' ಎನ್ನುವುದು ಮನೆತನದ ಹೆಸರಿದ್ದಂತೆ. ವಯಸ್ಸು ತಿಳಿಯಬೇಕಾದರೆ ಮುಂದಿನ ಅಂಕಿ ನೋಡಬೇಕು.

ಇಡ್ಲಿ ಪಾತ್ರೆಯೂ ದೋಸೆ ಭಟ್ಟರೂ

ಅಣ್ಣನಿಗೆ ಪಟ್ಟಿ ತೋರಿಸಿದಾಗ ಅವರ ಬೆರಳು ನಿಂತದ್ದು ಗ್ರಾಫಿಕ್ಸ್ ಕಾರ್ಡಿನ ಸಾಲಿನ ಮೇಲೆ. ಇಡೀ ದುಡ್ಡಿನ ಮೂರನೇ ಒಂದು ಪಾಲು ಅದಕ್ಕೇ. "ಇದು ಇಲ್ದೇ ಆಗುದಿಲ್ವಾ?" ಎಂದರು.

ನಾನು ಅವರ ಹೋಟೆಲಿನ ಅಡುಗೆಮನೆಯನ್ನೇ ಮುಂದಿಟ್ಟೆ. ಪ್ರೊಸೆಸರ್ ಎಂದರೆ ದೋಸೆ ಭಟ್ಟರು. ಆರು ಕೋರ್ ಎಂದರೆ ಆರು ಕಾವಲಿ. ಯಾರಿಗೆ ಮಸಾಲೆ, ಯಾರಿಗೆ ಈರುಳ್ಳಿ ಬೇಡ ಎಂದು ಒಂದೊಂದನ್ನೂ ಬೇರೆ ಬೇರೆ ಮಾಡಿಕೊಡುವ ಜಾಣತನ ಅವರದು. ಗ್ರಾಫಿಕ್ಸ್ ಕಾರ್ಡ್ ಎಂದರೆ ಇಡ್ಲಿ ಪಾತ್ರೆ. ಜಾಣತನ ಕಡಿಮೆ; ಆದರೆ ಒಂದೇ ಬಗೆಯ ಸಣ್ಣ ಕೆಲಸವನ್ನು ಸಾವಿರ ಕಡೆ ಒಟ್ಟಿಗೆ ಬೇಯಿಸಿ ಇಳಿಸುತ್ತದೆ. ಚಿತ್ರ ಎಂದರೆ ಲಕ್ಷಾಂತರ ಚುಕ್ಕಿ. ಪ್ರತಿ ಚುಕ್ಕಿಗೂ ಅದೇ ಲೆಕ್ಕ. ಅದನ್ನು ದೋಸೆ ಭಟ್ಟರ ಕೈಲಿ ಮಾಡಿಸಿದರೆ ಏಳು ದಿನ. ರ‍್ಯಾಮ್ ಎಂದರೆ ಹೆಚ್ಚಿದ ತರಕಾರಿ ಹರಡಿಕೊಳ್ಳುವ ಕಟ್ಟೆ. ಎಸ್‌ಎಸ್‌ಡಿ ಎಂದರೆ ಉಗ್ರಾಣ. ಎಸ್‌ಎಂಪಿಎಸ್ ಎಂದರೆ ಗ್ಯಾಸ್ ಲೈನ್.

"ಹಾಗಾದ್ರೆ ಪಾತ್ರೆ ಎಷ್ಟು ದೊಡ್ಡದು ಅಂತ ನೋಡ್ಕಲ್ದಾ?" ಎಂದರು ಅಣ್ಣ. ನೋಡಬೇಕು. ನಮ್ಮ ಪಟ್ಟಿಯಲ್ಲಿ ದೊಡ್ಡ ಚರ್ಚೆ ನಡೆದದ್ದೂ ಅದರ ಮೇಲೆಯೇ.

ಆ ಬೆಲೆಗೆ ಮುಂದೆ ಇದ್ದ ಕಾರ್ಡುಗಳು ಮೂರು. ರೇಡಿಯಾನ್ ಆರ್‌ಎಕ್ಸ್ 6600, ಸುಮಾರು ಇಪ್ಪತ್ತು ಸಾವಿರ, 8 ಜಿಬಿ ಮೆಮೊರಿ. ಬರಿ ಆಟಕ್ಕೆ ಕೊಳ್ಳುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕಾರ್ಡು. ಆದರೆ ಬ್ಲೆಂಡರಿನ ಸೈಕಲ್ಸ್‌ನಲ್ಲಿ ಎನ್‌ವಿಡಿಯಾ ಕಾರ್ಡುಗಳಿಗೆ ಆಪ್ಟಿಕ್ಸ್ ಎನ್ನುವ ದಾರಿ ಇದೆ, ಅಲ್ಲಿ ಅವು ಮುಂದು. ಎರಡನೆಯದು ಆರ್‌ಟಿಎಕ್ಸ್ 4060, ಇಪ್ಪತ್ತೆಂಟೂವರೆ ಸಾವಿರ, 8 ಜಿಬಿ. 2023ರದ್ದು, ವೇಗ ಹೆಚ್ಚು, 115 ವ್ಯಾಟ್ ಮಾತ್ರ. ಮೂರನೆಯದು 2021ರ ಆರ್‌ಟಿಎಕ್ಸ್ 3060, ಇಪ್ಪತ್ತನಾಲ್ಕು ಸಾವಿರದ ಆಸುಪಾಸು. ಹಳೆಯದು, ತುಸು ನಿಧಾನ, 170 ವ್ಯಾಟ್ ನುಂಗುತ್ತದೆ. ಆದರೆ ಮೆಮೊರಿ 12 ಜಿಬಿ.

ಎಲ್ಲ ಅಂಗಡಿಯವರೂ 4060 ಎಂದರು. "ಲೇಟೆಸ್ಟ್ ಹೈ." ಮಗಳು ಪುಸ್ತಕ ತೆಗೆದು ಲೆಕ್ಕ ತೋರಿಸಿದಳು. ಅವಳು ಆ ವರ್ಷ ಮಾಡಬೇಕೆಂದಿದ್ದುದು ಬಡಗುತಿಟ್ಟಿನ ಯಕ್ಷಗಾನ ವೇಷವೊಂದರ ತುಣುಕು: ಕೇದಗೆ ಮುಂದಲೆ, ಎದೆಕಟ್ಟು, ಭುಜಕೀರ್ತಿ, ಹಿಂದೆ ರಂಗಸ್ಥಳ. ಕನ್ನಡಿ ಚೂರು, ಜರಿ, ಬಟ್ಟೆಯ ನೇಯ್ಗೆ ಹತ್ತಿರದಿಂದ ಕಾಣಬೇಕಾದರೆ ಪ್ರತಿ ವಸ್ತುವಿಗೂ 4096 ಚುಕ್ಕಿ ಅಗಲ, 4096 ಚುಕ್ಕಿ ಎತ್ತರದ ಹೊದಿಕೆ ಚಿತ್ರ ಬೇಕು. ಚುಕ್ಕಿಗೆ 4 ಬೈಟ್ ಎಂದರೆ ಒಂದು ಚಿತ್ರಕ್ಕೆ 64 ಎಂಬಿ. ಬಣ್ಣಕ್ಕೊಂದು, ಹೊಳಪಿಗೊಂದು, ಉಬ್ಬುತಗ್ಗಿಗೊಂದು, ಲೋಹಕ್ಕೊಂದು ಎಂದು ಒಂದು ವಸ್ತುವಿಗೆ ನಾಲ್ಕು. ಇಪ್ಪತ್ತೈದು ವಸ್ತು ಇದ್ದರೆ ನೂರು ಚಿತ್ರ, ಆರು ಜಿಬಿ ದಾಟಿತು. ಮೇಲೆ ಆಕೃತಿಗಳ ಲೆಕ್ಕ, ಪರದೆಯ ಲೆಕ್ಕ ಸೇರಿದರೆ 8 ಜಿಬಿ ಉಕ್ಕುತ್ತದೆ. ಉಕ್ಕಿದರೆ ಕೆಲಸ ಕುಂಟುತ್ತದೆ, ಇಲ್ಲವೇ ನಿಂತೇಬಿಡುತ್ತದೆ.

ಆಟ ಮುಖ್ಯವಾಗಿದ್ದರೆ 4060 ಸರಿ. ಸಣ್ಣ ದೃಶ್ಯಗಳ ಕೆಲಸ ಮಾಡುವವರಿಗೂ ಅದೇ ಸರಿ. ಅವಳ ಕೆಲಸಕ್ಕೆ 3060. ಅವಳೇ ನಿರ್ಧರಿಸಿದಳು, ನಾಲ್ಕು ಸಾವಿರವೂ ಉಳಿಯಿತು. ಒಂದು ಎಚ್ಚರಿಕೆ: 3060ರಲ್ಲಿ 8 ಜಿಬಿಯ ಇನ್ನೊಂದು ಬಗೆಯೂ ಇದೆ. ಡಬ್ಬಿಯ ಮೇಲೆ ಹೆಸರು ಅದೇ. ಮೆಮೊರಿಯ ಅಂಕಿ ಓದದೆ ಡಬ್ಬಿ ಒಡೆಯಬೇಡಿ.

ಬಿಲ್ ಇಲ್ಲದ ಕಾರ್ಡು

ಒಂದು ಅಂಗಡಿಯಲ್ಲಿ ಹುಡುಗನೊಬ್ಬ ನಮ್ಮನ್ನು ಪಕ್ಕಕ್ಕೆ ಕರೆದು ಡ್ರಾಯರಿನಿಂದ ಆರ್‌ಟಿಎಕ್ಸ್ 3070 ತೆಗೆದ. ಸ್ವಲ್ಪವೇ ಬಳಸಿದ್ದು, ಇಪ್ಪತ್ತು ಸಾವಿರ, ಬಿಲ್ ಇಲ್ಲ. 3060ಕ್ಕಿಂತ ಮೇಲಿನ ಕಾರ್ಡು, ಕಡಿಮೆ ಬೆಲೆ. ಅಣ್ಣನ ಮುಖ ಅರಳಿತು.

ಇದರ ಹಿಂದಿನ ಕತೆ ಓದುಗರಿಗೆ ಗೊತ್ತಿರುವುದು ಒಳ್ಳೆಯದು. 2021ರ ಸುಮಾರಿಗೆ ಗ್ರಾಫಿಕ್ಸ್ ಕಾರ್ಡು ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ. ಈಥೀರಿಯಂ ಎನ್ನುವ ಡಿಜಿಟಲ್ ನಾಣ್ಯವನ್ನು ಗಳಿಸಲು ಜನ ಕಾರ್ಡುಗಳನ್ನು ಸಾಲುಸಾಲಾಗಿ ಜೋಡಿಸಿ ಹಗಲೂ ರಾತ್ರಿ ಓಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ತನ್ನ ಪದ್ಧತಿ ಬದಲಿಸಿತು. ಒಂದೇ ದಿನದಲ್ಲಿ ಆ ಕಾರ್ಡುಗಳಿಗೆ ಕೆಲಸ ಇಲ್ಲದಾಯಿತು. ಅವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹರಿದವು. ಎಲ್ಲ ಹಳೆಯ ಕಾರ್ಡೂ ಕೆಟ್ಟದ್ದಲ್ಲ. ಬಿಲ್ ಇದ್ದು, ವಾರಂಟಿ ಉಳಿದಿದ್ದು, ಎದುರಿಗೇ ಅರ್ಧ ಗಂಟೆ ಓಡಿಸಿ ತೋರಿಸಿದರೆ ಕೊಳ್ಳಬಹುದು. ಆದರೆ ಒಂದೇ ಸಲ ಕೊಳ್ಳುವ ಶಕ್ತಿ ಇರುವವರು ಬಿಲ್ ಇಲ್ಲದ್ದನ್ನು ಮುಟ್ಟಬಾರದು. ಕೆಟ್ಟರೆ ಎರಡನೆಯ ಭಿಶಿ ಏಳುವವರೆಗೆ ಕಾಯಬೇಕು. ಮಗಳು ಇಷ್ಟೆಲ್ಲ ಹೇಳಲಿಲ್ಲ. "ಅಪ್ಪಾ, ಅದರದ್ದೂ ಎಂಟೇ ಜಿಬಿ" ಎಂದಳು. ಅಷ್ಟಕ್ಕೇ ಮುಗಿಯಿತು.

ಹೊಸ ಮಾಲಿನಲ್ಲೂ ಕಚ್ಚಾ ಬಿಲ್, ಪಕ್ಕಾ ಬಿಲ್ ಎಂಬ ಎರಡು ಮಾತು ಬರುತ್ತದೆ. ಈ ಭಾಗಗಳ ಮೇಲೆ ಜಿಎಸ್‌ಟಿ ನೂರಕ್ಕೆ 18. ಚೀಟಿಯಲ್ಲಿ ಬರೆದುಕೊಟ್ಟರೆ ಸಾವಿರ ಎರಡು ಸಾವಿರ ಕಡಿಮೆ ಮಾಡುತ್ತೇವೆ ಎನ್ನುವವರು ಇದ್ದಾರೆ. ಬೇಡ. ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷ, ಗ್ರಾಫಿಕ್ಸ್ ಕಾರ್ಡಿಗೆ ಮೂರು, ಎಸ್‌ಎಸ್‌ಡಿಗೆ ಮೂರರಿಂದ ಐದು ವರ್ಷ ವಾರಂಟಿ ಇರುತ್ತದೆ. ಆ ಹಕ್ಕನ್ನು ಎರಡು ಸಾವಿರಕ್ಕೆ ಮಾರಿಕೊಂಡ ಹಾಗೆ ಆಗುತ್ತದೆ. ಪಕ್ಕಾ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಉಳಿದ ಭಾಗಗಳು

ಕಾರ್ಡು ತೀರ್ಮಾನವಾದ ಮೇಲೆ ಉಳಿದವು ಅದರ ಹಿಂದೆ ಬಂದವು.

ಪ್ರೊಸೆಸರಿಗೆ ರೈಜನ್ 5 5600, 10,800 ರೂಪಾಯಿ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಡಬ್ಬಿಯಲ್ಲೇ ಕೂಲರ್. ಇದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡು ಇಲ್ಲದೆ ಪರದೆ ಹೊತ್ತುವುದಿಲ್ಲ. ಕಾರ್ಡನ್ನು ಆರು ತಿಂಗಳ ನಂತರ ಕೊಳ್ಳೋಣ ಎನ್ನುವವರು 5600ಜಿ ಥರದ್ದನ್ನು ನೋಡಬೇಕು. ಇಂಟೆಲ್ ಕೊಳ್ಳುವವರಿಗೆ ಹೆಸರಿನ ಕೊನೆಯ 'ಎಫ್' ಅಕ್ಷರ ಇದೇ ಮಾತನ್ನು ಹೇಳುತ್ತದೆ.

ಅಂಗಡಿಯವರು ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್ ಕಡೆಗೆ ಎಳೆದರು. ಮುಂದಿನ ಪ್ರೊಸೆಸರುಗಳು ಅದರ ಮೇಲೆಯೇ ಬರುತ್ತವೆ ಎನ್ನುವುದು ನಿಜ. ಆದರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಸೇರಿ ಅಂದು ಹದಿನೈದು ಸಾವಿರ ಹೆಚ್ಚಾಗುತ್ತಿತ್ತು. ಆ ಹದಿನೈದು ಸಾವಿರ ಬರಬೇಕಾದ್ದು ಕಾರ್ಡಿನ ಪಾಲಿನಿಂದ. 2017ರಿಂದ ರೈಜನ್‌ಗಳು ಕೂರುತ್ತಿದ್ದ ಎಎಂ4 ಹಳೆಯದೇ ಆದರೂ, ನಾಳೆ ಎಂಟು ಕೋರಿನ 5700ಎಕ್ಸ್ ಹಾಕುವಷ್ಟು ದಾರಿ ಅದರಲ್ಲಿದೆ. ಬಿ550 ಚಿಪ್‌ಸೆಟ್ಟಿನ, ನಾಲ್ಕು ರ‍್ಯಾಮ್ ಗೂಡಿರುವ ಬೋರ್ಡ್ 8,400ಕ್ಕೆ ಸಿಕ್ಕಿತು.

ರ‍್ಯಾಮ್ 32 ಜಿಬಿ, 16ರ ಎರಡು ಕಡ್ಡಿ, 5,600. ಒಂದೇ 32ರ ಕಡ್ಡಿ ಕೊಟ್ಟರೆ ಬೇಡವೆನ್ನಿ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಮಾಹಿತಿ ಓಡಾಡುತ್ತದೆ. ಆಟಕ್ಕೆ 16 ಸಾಕಿತ್ತು. 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ 5,300.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ನಾನು ಬಾಯಿ ಹಾಕಿದೆ. ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಪುಕ್ಕಟೆ ಎನ್ನುವ ವ್ಯಾಪಾರ ಆ ರಸ್ತೆಯಲ್ಲಿ ಮಾಮೂಲು. ಅಂಥ ಪುಕ್ಕಟೆ ಪೆಟ್ಟಿಗೆ ಒಂದು ದಿನ ಸುಟ್ಟರೆ ಒಂಟಿಯಾಗಿ ಹೋಗುವುದಿಲ್ಲ, ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. ಕಾರ್ಡು 170, ಪ್ರೊಸೆಸರ್ 65, ಉಳಿದದ್ದೆಲ್ಲ ಸೇರಿದರೂ 350 ವ್ಯಾಟ್ ದಾಟುವುದಿಲ್ಲ. 550 ಸಾಕು, ಮುಂದೆ ದೊಡ್ಡ ಕಾರ್ಡು ಹಾಕುವ ಆಸೆಯಿಂದ 650 ವ್ಯಾಟಿನ, ಒಳ್ಳೆಯ ತಯಾರಕರದ್ದು, 4,600ಕ್ಕೆ ಕೊಂಡೆವು. '80 ಪ್ಲಸ್ ಬ್ರಾಂಜ್' ಎನ್ನುವ ಮುದ್ರೆ ಕರೆಂಟು ಎಷ್ಟು ಪೋಲಾಗುತ್ತದೆ ಎಂದು ಹೇಳುತ್ತದೆ, ಬಾಳಿಕೆಯನ್ನಲ್ಲ. ಬಾಳಿಕೆಗೆ ವಾರಂಟಿಯ ವರ್ಷ ನೋಡಿ.

ಕ್ಯಾಬಿನೆಟ್ಟಿನಲ್ಲಿ ಅಣ್ಣನಿಗೂ ಮಗಳಿಗೂ ಇಷ್ಟವಾದದ್ದು ಮುಂದೆ ಗಾಜು, ಒಳಗೆ ಬಣ್ಣಬಣ್ಣದ ದೀಪ ಇದ್ದದ್ದು. ಮುಂಬೈಯ ಮೇ ತಿಂಗಳ ಧಗೆಗೆ ಮುಂದೆ ಜಾಲರಿ ಇರುವುದೇ ಸರಿ. ಫ್ಯಾನುಗಳು ಸೇರಿ 3,600. ಮಾನಿಟರಿನಲ್ಲೂ ಆಟದ ಕಡೆ 165 ಹರ್ಟ್ಜ್ ಎಳೆಯಿತು, ಚಿತ್ರದ ಕಡೆ ಬಣ್ಣದ ನಿಖರತೆ ಎಳೆಯಿತು. 24 ಇಂಚಿನ ಐಪಿಎಸ್, 100 ಹರ್ಟ್ಜ್, 8,700ಕ್ಕೆ ರಾಜಿಯಾಯಿತು. ಕೀಬೋರ್ಡ್, ಮೌಸ್ 1,100.

ಒಟ್ಟು 72,300. ದೀಪವಿಲ್ಲದ ಆ ಕ್ಯಾಬಿನೆಟ್ ಮತ್ತು ಹಳೆಯ ಎಎಂ4 ಇಲ್ಲದಿದ್ದರೆ 12 ಜಿಬಿ ಕಾರ್ಡು ಈ ಲೆಕ್ಕದಲ್ಲಿ ಕೂರುತ್ತಿರಲಿಲ್ಲ.

ಜೋಡಿಸುವ ಹುಡುಗ

ಹೆಚ್ಚಿನದನ್ನು ಒಂದೇ ಅಂಗಡಿಯಲ್ಲಿ ಕೊಂಡದ್ದರಿಂದ ಜೋಡಣೆಗೆ ದುಡ್ಡು ಕೇಳಲಿಲ್ಲ. ಎರಡು ಗಂಟೆ ಬೇಕು ಎಂದರು. ಹತ್ತಿರದ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಅಣ್ಣ ಸಾಂಬಾರಿನ ರುಚಿಯಿಂದಲೇ ಭಟ್ಟರು ಯಾವ ಕಡೆಯವರೆಂದು ಹೇಳಿ, ಕೌಂಟರಿಗೆ ಹೋಗಿ ಕೇಳಿ ಖಚಿತಪಡಿಸಿಕೊಂಡು ಬಂದರು.

ಮರಳಿ ಬಂದಾಗ ಅಟ್ಟದ ಮೇಲೆ ಇಪ್ಪತ್ತು ಇಪ್ಪತ್ತೆರಡರ ಹುಡುಗನೊಬ್ಬ ವೈರುಗಳನ್ನು ಹೂಮಾಲೆ ಕಟ್ಟಿದಷ್ಟು ನೀಟಾಗಿ ಕಟ್ಟುತ್ತಿದ್ದ. ಮಗಳು ಏಣಿ ಹತ್ತಿ ಅವನ ಪಕ್ಕ ನಿಂತು ಎಲ್ಲ ನೋಡಿದಳು, ಕೊನೆಯ ಎರಡು ಸ್ಕ್ರೂ ಅವಳೇ ಹಾಕಿದಳು. ಚಾಲೂ ಮಾಡಿ, ರ‍್ಯಾಮ್ 32 ತೋರಿಸುತ್ತದೆಯೇ, ಎರಡು ದಾರಿಯಲ್ಲಿ ಓಡುತ್ತಿದೆಯೇ, ಕಾರ್ಡಿನ ಮೆಮೊರಿ 12 ಇದೆಯೇ ಎಂದು ಅಲ್ಲೇ ಪರೀಕ್ಷಿಸಿದಳು. ಇದನ್ನು ಮನೆಗೆ ಹೋಗಿ ಮಾಡಬೇಡಿ, ಅಂಗಡಿಯಲ್ಲೇ ಮಾಡಿ.

ವಿಂಡೋಸ್ ಪುಕ್ಕಟೆ ಹಾಕಿಕೊಡುತ್ತೇವೆ ಎಂದರು. ಪುಕ್ಕಟೆ ಎಂದರೆ ಕದ್ದದ್ದು, ಒಳಗೆ ಏನು ಸೇರಿರುತ್ತದೋ ಹೇಳಲಾಗದು. ಬೇಡವೆಂದೆವು. ಬ್ಲೆಂಡರ್, ಕ್ರಿಟಾ ಎರಡೂ ಉಚಿತ ಸಾಫ್ಟ್‌ವೇರ್, ಲಿನಕ್ಸ್ ಮೇಲೂ ಓಡುತ್ತವೆ. ವ್ಯಾಲೊರಂಟ್ ಓಡುವುದಿಲ್ಲ. ಎರಡು ತಿಂಗಳು ಲಿನಕ್ಸಿನಲ್ಲಿ ಕೆಲಸ ಮಾಡಿ, ಜನವರಿಯಲ್ಲಿ ವಿಂಡೋಸ್ ಲೈಸೆನ್ಸ್ ಕೊಂಡರು. ನೀವು ಬಜೆಟ್ ಹಾಕುವಾಗ ವಿಂಡೋಸ್ ಮತ್ತು ಯುಪಿಎಸ್ ದುಡ್ಡನ್ನು ಮೊದಲೇ ಬೇರೆ ಎತ್ತಿಡಿ.

ಆಮೇಲೆ

ಹದಿನಾಲ್ಕು ನಿಮಿಷದ ಆ ಚಿತ್ರ ಹೊಸ ಯಂತ್ರದಲ್ಲಿ ಒಂದೂವರೆ ನಿಮಿಷಕ್ಕೆ ಮುಗಿಯಿತು. 720 ಚಿತ್ರಕ್ಕೆ ಹದಿನೆಂಟು ಗಂಟೆ. ಸಂಜೆ ಶುರು ಮಾಡಿದರೆ ಮರುದಿನ ಊಟದ ಹೊತ್ತಿಗೆ ತಯಾರು. ಯಕ್ಷಗಾನದ ತುಣುಕನ್ನು ಅವಳು ಕಾಲೇಜಿಗೆ ಕೊಟ್ಟಳು. ಅದನ್ನು ಮೊದಲು ನೋಡಿದ್ದು ಅಣ್ಣ. ಎರಡು ಸಲ ನೋಡಿ, "ಮುಂದಲೆ ಸ್ವಲ್ಪ ವಾಲಿತ್, ಹಾಗೆ ಕಟ್ಟುದಿಲ್ಲ" ಎಂದರಂತೆ. ಅವಳು ತಿದ್ದಿ ಮತ್ತೆ ಹದಿನೆಂಟು ಗಂಟೆ ಓಡಿಸಿದಳು. ಹಳೆಯ ಲ್ಯಾಪ್‌ಟಾಪಿನಲ್ಲಿ ಆಗಿದ್ದರೆ ಮುಂದಲೆ ವಾಲಿಕೊಂಡೇ ಇರುತ್ತಿತ್ತು.

ಇಲ್ಲಿ ಬರೆದ ಬೆಲೆಗಳೆಲ್ಲ 2024ರ ನವೆಂಬರಿನವು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಿಗಿದಿದೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹರಿಯುತ್ತಿರುವುದೇ ಕಾರಣ. ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿದೆ. ಈಗ ಕೊಳ್ಳುವವರು ರ‍್ಯಾಮ್ 16ರಿಂದ ಶುರು ಮಾಡಿ, ಬೋರ್ಡಿನಲ್ಲಿ ಎರಡು ಗೂಡು ಖಾಲಿ ಇಟ್ಟುಕೊಳ್ಳುವುದು ಜಾಣತನ. ಹಳೆಯ ಯಂತ್ರದಲ್ಲಿ ಡಿಡಿಆರ್4 ಕಡ್ಡಿಗಳಿದ್ದರೆ ಗುಜರಿಗೆ ಹಾಕಬೇಡಿ. ಕೆಲವು ಭಾಗ ಆನ್‌ಲೈನಿನಲ್ಲೇ ಅಗ್ಗ. ಬೆಲೆಯನ್ನು ಫೋನಿನಲ್ಲಿ ನೋಡಿಕೊಂಡೇ ಅಂಗಡಿ ಹತ್ತಿ, ಶೇಠ್‌ಗಳು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಎಲ್ಲ ಭಾಗವನ್ನೂ ಜೋಡಿಸಿ, ಕಣ್ಣೆದುರು ಓಡಿಸಿ, ಕೆಟ್ಟರೆ ಸೋಮವಾರ ತೆಗೆದುಕೊಂಡು ಬನ್ನಿ ಎನ್ನುವ ಮನುಷ್ಯ ಸಿಗುವುದು ಇಂಥ ರಸ್ತೆಗಳಲ್ಲೇ.

ಹೋಗುವವರಿಗೆ ಕೊನೆಯ ಮಾತು. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ಎಷ್ಟು ದುಡ್ಡಿದೆ ಎಂದು ಮೊದಲ ಅಂಗಡಿಯಲ್ಲೇ ಹೇಳಬೇಡಿ, ಯಾವ ಕೆಲಸಕ್ಕೆ ಎಂದು ಮಾತ್ರ ಹೇಳಿ. ಯಂತ್ರವನ್ನು ಬಳಸುವವರನ್ನೇ ಕರೆದುಕೊಂಡು ಹೋಗಿ, ಮಾತು ಅವರೇ ಆಡಲಿ. ಮರಳುವಾಗ ಸಂಜೆಯ ಲೋಕಲ್ ಗಾಡಿಯಲ್ಲಿ ಮಾನಿಟರ್ ಹೊತ್ತು ಹತ್ತುವ ಸಾಹಸ ಬೇಡ. ಟ್ಯಾಕ್ಸಿಯ ದುಡ್ಡನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ. ಪುಣೆಯ ತಾಪ್ಕೀರ್ ಗಲ್ಲಿ, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಸಿಟಿಸಿ ಬಲ್ಲವರು ಅಲ್ಲಿಯ ರೀತಿನೀತಿ, ಅಲ್ಲಿಯ ಬೆಲೆ ಬರೆದು ಕಳಿಸಿದರೆ ಮುಂದಿನ ವರ್ಷ ಕಾಲೇಜಿಗೆ ಸೇರುವ ನಮ್ಮವರ ಮಕ್ಕಳಿಗೆ ಉಪಯೋಗವಾದೀತು.